ಹೆರಿಗೆಯ ದಿನ ಡೌವೆಯ ಕೆಲಸ

ವೋರ್ಕುಮ್,
ಫೆಬ್ರವರಿ ೧೧, ೨೦೧೮

ಪ್ರೀತಿಯ ಅಜ್ಜಿ,

ನಿನ್ನ ಸೊಂಟ ಹೇಗಿದೆ? ನಿಮ್ಮ ದ್ವೀಪದಲ್ಲಿ ಗಾಳಿ ಜೋರಾಗಿ ಹಡಗು ನಿಂತಿತ್ತಂತೆ, ಪೇಪರಿನಲ್ಲಿ ಬಂದಿತ್ತು. ಕ್ರಿಸ್‌ಮಸ್‌ಗೆ ನೀನು ಕಳಿಸಿದ ಉಣ್ಣೆಯ ಕಾಲುಚೀಲ ತಲುಪಿದೆ ಅಂತ ಒಂದು ಸಾಲೂ ಬರೆಯಲಿಲ್ಲ ನಾನು. ನೀನು ಅಲ್ಲಿ ಕೂತು, "ನಾಯಿಮರಿ ಸಾಕಿದ್ರೂ ಬಾಲ ಆಡಿಸ್ತಿತ್ತು" ಅಂತ ಬೈಯುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಬೈಯಿ. ಆದರೆ ಸೋಮಾರಿತನದಿಂದ ಸುಮ್ಮನಿರಲಿಲ್ಲ ಅಜ್ಜಿ. ಹೇಳಬೇಕಾದ ವಿಷಯ ಒಂದಿತ್ತು, ಅದನ್ನು ಎತ್ತಿಕೊಂಡು ಅತ್ತಿತ್ತ ತಿರುಗುತ್ತಿದ್ದೆ. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ. ಇದನ್ನು ಕೂಗಿ ಹೇಳಲು ನನ್ನಿಂದ ಆಗುವುದಿಲ್ಲ.

ಹಿಸ್ಕೆಯ ಬಸುರಿಗೆ ಈಗ ಏಳು ತಿಂಗಳು ದಾಟಿದೆ. ಮಗು ಹೆಣ್ಣು. ಅದು ಬದುಕುವುದಿಲ್ಲ.

ನೋಡು, ಬರೆದುಬಿಟ್ಟೆ. ಈಗ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು ಮತ್ತೆ ಕೂತಿದ್ದೇನೆ.

ಶರತ್ಕಾಲದ ಸ್ಕ್ಯಾನಿನಲ್ಲಿ ಗೊತ್ತಾಯಿತು. ಮಗುವಿಗೆ ಕಿಡ್ನಿಗಳೇ ಮೂಡಿಲ್ಲವಂತೆ. ಕಿಡ್ನಿ ಇಲ್ಲದಿದ್ದರೆ ಅದರ ಸುತ್ತ ನೀರು ತುಂಬುವುದಿಲ್ಲ, ನೀರಿಲ್ಲದಿದ್ದರೆ ಶ್ವಾಸಕೋಶ ಬೆಳೆಯುವುದಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಹೊಟ್ಟೆಯಲ್ಲಿ ಇರುವವರೆಗೆ ಅವಳಿಗೆ ಏನೂ ತೊಂದರೆಯಿಲ್ಲ, ಹಿಸ್ಕೆಯ ಉಸಿರೇ ಅವಳ ಉಸಿರು. ಹೊರಗೆ ಬಂದಮೇಲೆ ಸ್ವಲ್ಪ ಹೊತ್ತು.

"ಸ್ವಲ್ಪ ಅಂದ್ರೆ ಎಷ್ಟು?" ಅಂತ ಕೇಳಿದೆ.

"ಕೆಲವು ನಿಮಿಷ. ಹೆಚ್ಚಾದರೂ ಆಗಬಹುದು. ಅಷ್ಟೂ ಇಲ್ಲದೆಯೂ ಇರಬಹುದು."

ಬಸುರನ್ನು ಅಲ್ಲಿಗೇ ನಿಲ್ಲಿಸುವುದಾದರೆ ನಿಲ್ಲಿಸಬಹುದು ಅಂತಲೂ ಹೇಳಿದರು. ಹಿಸ್ಕೆ ಕೋಟು ಹಾಕಿಕೊಳ್ಳುತ್ತಾ, "ಅವಳು ಈಗ ತಾನೇ ಒದ್ದಳು" ಅಂದಳು. ಅಷ್ಟೇ ಅವಳ ಉತ್ತರ. ಬಸ್ಸಿನಿಂದ ಇಳಿಯುವ ಮುಂಚೆ ನನ್ನ ತೋಳು ಹಿಡಿದು ಹೇಳಿದಳು: "ಮನೇಲೇ ಹೆರ್ತೀನಿ ಕಣೋ. ಅವಳು ಇರೋದೇ ಅಷ್ಟು ಹೊತ್ತು. ಅಷ್ಟರಲ್ಲಿ ಯಾರೂ ಅವಳನ್ನ ಎತ್ಕೊಂಡು ಇನ್ನೊಂದು ರೂಮಿಗೆ ಓಡಬಾರದು. ಅವಳು ಇದ್ದಷ್ಟು ಹೊತ್ತು ನಾವಿಬ್ಬರೂ ಅವಳ ಹತ್ರ ಇರಬೇಕು. ಇನ್ನೇನೂ ಬೇಡ ನನಗೆ."

ನನಗೂ ಇನ್ನೇನೂ ಬೇಡ ಅಜ್ಜಿ.

ನಮ್ಮ ಸೂಲಗಿತ್ತಿ ಮಾರ್ಗ್ರೀತ್ ಡಾಕ್ಟರ ಜೊತೆ ಜಗಳವಾಡಿ ಒಪ್ಪಿಸಿದಳು. ತಾಯಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಕೂಡಲೇ ಆಂಬುಲೆನ್ಸು, ಅದೊಂದೇ ಷರತ್ತು. ಮೊನ್ನೆ ಭಾನುವಾರ ಅವಳು ಮನೆಗೆ ಬಂದಿದ್ದಳು, ಹೆರಿಗೆ ಪ್ಲಾನ್ ಬರೆಸಲು. ಎಲ್ಲರೂ ಬರೆಯುವ ಅದೇ ಹಾಳೆಗಳು. ಅದರಲ್ಲಿರುವ ಪ್ರಶ್ನೆಗಳನ್ನು ನಮಗೆ ಕೇಳುವುದೋ ಬೇಡವೋ ಅಂತ ಅವಳಿಗೇ ಮುಜುಗರ. ಕೆಲವನ್ನು ಹಾರಿಸುತ್ತಾ ಹೋದಳು. ಹಿಸ್ಕೆಗೆ ಸಿಟ್ಟು ಬಂತು.

"ಎಲ್ಲರಿಗೂ ಕೇಳೋದನ್ನ ನಮಗೂ ಕೇಳಿ ಮಾರ್ಗ್ರೀತ್. ನಾನೂ ಬಸುರಿನೇ ಅಲ್ವಾ?"

"ಆಯ್ತಮ್ಮಾ. ಕೋಣೇಲಿ ಯಾರ್‍ಯಾರು ಇರ್ತೀರಿ?"

"ನಾನು, ಡೌವೆ, ನೀವು."

"ನಿಮ್ಮಮ್ಮ?"

"ಅಮ್ಮ ಅಳ್ತಾಳೆ. ಹೆರೋದು ನಾನು, ಸಮಾಧಾನ ಮಾಡ್ಬೇಕಾದ್ದೂ ನಾನೇ ಆಗುತ್ತೆ. ಬೇಡ."

"ಹಾಡು ಗೀಡು ಏನಾದ್ರೂ?"

"ಇವನು ಶಿಳ್ಳೆ ಹಾಕದೇ ಇದ್ರೆ ಸಾಕು."

ಬರೆಯುತ್ತಿದ್ದವನು ನಾನು. ಹತ್ತನೇ ಕ್ಲಾಸಿಗೆ ಶಾಲೆಯಿಂದ ಓಡಿಬಂದಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು. ಮಗುವಿಗೆ ಯಾವ ಹಾಲು ಅಂತ ಒಂದು ಪ್ರಶ್ನೆ ಇತ್ತು. ಮಾರ್ಗ್ರೀತ್ ಓದಿದಳು, ಓದಿದಮೇಲೆ ಮೇಜು ನೋಡುತ್ತಾ ಕೂತಳು. ಹಿಸ್ಕೆ, "ತಾಯಿ ಹಾಲು ಅಂತ ಬರಿ" ಅಂದಳು. ಬರೆದೆ.

ಆಮೇಲೆ, ಅಪ್ಪ ಏನು ಮಾಡುತ್ತಾನೆ ಅಂತ ಒಂದು ಸಾಲು.

"ಕಿಟಕಿ ಹತ್ರ ನಿಂತು ಉಗುರು ಕಚ್ತಾನೆ, ಬರ್ಕೊಳ್ಳಿ" ಅಂದಳು ಹಿಸ್ಕೆ.

ನನಗೆ ನಗು ಬರಲಿಲ್ಲ. ನಿನಗೆ ಗೊತ್ತಲ್ಲ, ಸಾಕಿದವಳು ನೀನು. ಊಟಕ್ಕೆ ಕೂತರೆ ನಿನ್ನ ಏಪ್ರನ್ನಿನ ದಾರದಿಂದ ನನ್ನನ್ನು ಕುರ್ಚಿಗೆ ಕಟ್ಟುತ್ತಿದ್ದೆ. ಎಷ್ಟು ಕೆಲಸ ಬಿಟ್ಟೆ, ಎಷ್ಟು ಊರು ಬಿಟ್ಟೆ. ದೋಣಿ ಕಾರ್ಖಾನೆಯಲ್ಲಿ ನಿಂತಿದ್ದೇನೆ ಅಂದರೆ ಅಲ್ಲಿ ಇಡೀ ದಿನ ಹಲಗೆ ಉಜ್ಜುತ್ತಿರಬಹುದು, ಅದಕ್ಕೆ. ನಾನು ಮಾರ್ಗ್ರೀತಳಿಗೆ ಹೇಳಿದೆ: "ನನ್ನ ಕೈಗೆ ಏನಾದ್ರೂ ಕೆಲಸ ಕೊಡಿ. ಸುಮ್ನೆ ನಿಂತ್ಕೊಂಡ್ರೆ ನಾನು ಮೆಟ್ಟಿಲು ಇಳಿದು ಓಡಿಬಿಡ್ತೀನಿ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ."

ಹಿಸ್ಕೆ ನನ್ನನ್ನು ನೋಡಿದಳು. ಮಾರ್ಗ್ರೀತ್ ಸ್ವಲ್ಪ ಯೋಚಿಸಿ, ಅಪ್ಪಂದಿರಿಗೆ ಎಲ್ಲ ಮನೆಗಳಲ್ಲೂ ಕೊಡುವ ಕೆಲಸವನ್ನೇ ನನಗೂ ಕೊಟ್ಟಳು, ಬಿಸಿನೀರಿನ ಬಾಟಲಿಗಳು. ಆ ತಗಡಿನವು, ನಿನ್ನ ಕಾಲದವು, ಈಗಲೂ ಅವೇ. ಮಗುವಿನ ಮೈ ಬೇಗ ತಣ್ಣಗಾಗುತ್ತದಂತೆ, ಇಂಥ ಮಗುವಿನದು ಇನ್ನೂ ಬೇಗ. ಬೆಚ್ಚಗಿದ್ದರೆ ಅವಳಿಗೆ ನೆಮ್ಮದಿ. ಕುದಿಯುವ ನೀರು ತುಂಬಬೇಕು, ಮುಚ್ಚಳ ಬಿಗಿ ಮಾಡಬೇಕು, ತಲೆಕೆಳಗೆ ಮಾಡಿ ಹಿಡಿಯಬೇಕು, ಒಂದು ತೊಟ್ಟು ಸೋರಿದರೂ ಮೇಲೆ ತರಬಾರದು. ಮಗುವಿನ ಚರ್ಮ ಸುಟ್ಟೀತು. ನಿನ್ನ ಕಾಲುಚೀಲಗಳನ್ನು ಅದಕ್ಕೇ ಇಟ್ಟಿದ್ದೇನೆ ಅಜ್ಜಿ, ಬಾಟಲಿಗೆ ತೊಡಿಸಲು. ಬೇಜಾರು ಮಾಡಿಕೊಳ್ಳಬೇಡ.

ಹಾಗಾಗಿ ನನ್ನ ಸಾಲಿನಲ್ಲಿ ಹೀಗೆ ಬರೆದೆ: ತಲೆ ಕಂಡಾಗ ಡೌವೆ ಕೆಳಗೆ ಹೋಗಿ ಬಾಟಲಿ ತುಂಬಿ ತರುವುದು. ಬರೆದಮೇಲೆ ಎದೆ ಹಗುರಾಯಿತು. ಒಂದು ಕೆಲಸ ಇದೆ. ಮಾಡಬಲ್ಲೆ.

ಮಂಚವನ್ನೂ ಎತ್ತರ ಮಾಡಬೇಕು, ಇಲ್ಲದಿದ್ದರೆ ಬಗ್ಗಿ ಬಗ್ಗಿ ಸೂಲಗಿತ್ತಿಯ ಬೆನ್ನು ಮುರಿಯುತ್ತದೆ. ಎಲ್ಲರ ಹಾಗೆ ಬಿಯರ್ ಕ್ರೇಟು ಇಡೋಣ ಅಂತ ಕಾರ್ಖಾನೆಯಲ್ಲಿ ನನ್ನ ಜೊತೆಗಾರ ಬೌಕೆಯನ್ನು ಕೇಳಿದೆ. "ನಾಲ್ಕು ಕ್ರೇಟಾ? ಮೂರು ಖಾಲಿ ಇದೆ. ನಾಲ್ಕನೇದನ್ನ ನಿನಗೋಸ್ಕರ ಇವತ್ತೇ ಖಾಲಿ ಮಾಡ್ತೀನಿ, ಮಿತ್ರದ್ರೋಹಿ ಅನ್ನಬೇಡ" ಅಂದ. ಅವನಿಗೆ ವಿಷಯ ಹೇಳಿಲ್ಲ. ಊರಿನಲ್ಲಿ ಯಾರಿಗೂ ಹೇಳಿಲ್ಲ. ಅಂಗಡಿಯಲ್ಲಿ, ಬೀದಿಯಲ್ಲಿ ಜನ ಹಿಸ್ಕೆಯ ಹೊಟ್ಟೆ ನೋಡಿ ನಗುತ್ತಾರೆ, ಅವಳೂ ನಗುತ್ತಾಳೆ. ಆ ನಗು ಇನ್ನು ಕೆಲವು ವಾರವಾದರೂ ಇರಲಿ ಅನ್ನುತ್ತಾಳೆ.

ಇನ್ನೊಂದು ಮಾತು. ಹುಟ್ಟುವ ಮುಂಚೆ ಹೆಸರು ಹೇಳಬಾರದು, ಗೊತ್ತು. ಆದರೆ ಇದಕ್ಕೆ ನಿನ್ನ ಅಪ್ಪಣೆ ಬೇಕು. ಅವಳಿಗೆ ಸೀಟ್ಸ್ಕೆ ಅಂತ ಇಡೋಣ ಅಂದುಕೊಂಡಿದ್ದೇವೆ. ನಿನ್ನ ಹೆಸರು. ಬದುಕುವ ಮಗುವಿಗೆ ಅಂತ ನೀನು ಎತ್ತಿಟ್ಟಿದ್ದರೆ ಹೇಳಿಬಿಡು, ಬೇರೆ ಇಡುತ್ತೇವೆ. ಖಂಡಿತ ಬೇಸರವಿಲ್ಲ.

ಬರುತ್ತೇನೆ ಅಂತ ಹೊರಡಬೇಡ, ಸೊಂಟ ನೋಡಿಕೋ. ಅಲ್ಲಿಂದಲೇ ನಮ್ಮ ತಲೆ ಸವರು.

ನಿನ್ನ
ಡೌವೆ


ವೋರ್ಕುಮ್,
ಏಪ್ರಿಲ್ ೧೫, ೨೦೧೮

ಪ್ರೀತಿಯ ಅಜ್ಜಿ,

ಕಾರ್ಡು ನಿನಗೆ ತಲುಪಿರಬೇಕು. ಅದರಲ್ಲಿ ಹುಟ್ಟಿದ ತಾರೀಖು, ಹೋದ ತಾರೀಖು ಎರಡೂ ಒಂದೇ ಇರುವುದನ್ನು ನೋಡಿ ಪ್ರೆಸ್ಸಿನವನು, "ಇಲ್ಲೇನೋ ತಪ್ಪಾಗಿದೆಯಲ್ಲ" ಅಂತ ಫೋನ್ ಮಾಡಿದ್ದ. ತಪ್ಪಲ್ಲ ಅಂತ ಹಿಸ್ಕೆಯೇ ಹೇಳಿದಳು. ಅದರ ಜೊತೆಗೇ ನಿನಗೆ ಕಾಗದ ಬರೆಯಬೇಕಿತ್ತು. ಮೂರು ಸಲ ಕೂತೆ. ಕ್ಷಮಿಸು.

ನಿನ್ನ ಉತ್ತರ ಸಮಯಕ್ಕೆ ಸರಿಯಾಗಿ ಬಂತು. "ಹೆಸರೇನು ಸಾಬೂನಾ, ಬಳಸಿದ್ರೆ ಸವೆಯೋಕೆ? ಕೊಡು ಅವಳಿಗೆ. ಹೊತ್ಕೊಂಡು ಹೋಗ್ಲಿ" ಅಂತ ಬರೆದಿದ್ದೆಯಲ್ಲ, ಹಿಸ್ಕೆ ಅದನ್ನು ಓದಿ ಜೋರಾಗಿ ನಕ್ಕಳು. ನಕ್ಕಮೇಲೆ ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ನೀನು ಹೆಣೆದು ಕಳಿಸಿದ ಟೋಪಿ ದೊಡ್ಡದಾಯಿತು, ಮಗುವಿನ ಹುಬ್ಬಿನವರೆಗೆ ಬಂತು. ಆದರೂ ಅದನ್ನೇ ಹಾಕಿದೆವು.

ನೋವು ಶುರುವಾದದ್ದು ಬೆಳಗ್ಗೆ, ಹಿಸ್ಕೆ ಕಿಟಕಿ ಒರೆಸುತ್ತಿದ್ದಾಗ. "ಡೌವೆ, ಬಕೆಟ್ ಹಿಡ್ಕೋ" ಅಂದಳು. ನೀರು ಚೆಲ್ಲಿತು ಅಂದುಕೊಂಡೆ, ನೋವು ಅಂತ ಹೊಳೆಯಲಿಲ್ಲ. ಮಾರ್ಗ್ರೀತ್ ಬಂದಳು. ಹೊರಗೆ ಒಳ್ಳೆಯ ಬಿಸಿಲಿತ್ತು, ಕಾಲುವೆಯ ನೀರಿನ ಹೊಳಪು ಮಲಗುವ ಕೋಣೆಯ ಛಾವಣಿಯಲ್ಲಿ ಅಲ್ಲಾಡುತ್ತಿತ್ತು. ಇಷ್ಟು ವರ್ಷ ಆ ಕೋಣೆಯಲ್ಲಿ ಮಲಗಿದ್ದೇನೆ, ನೋಡಿರಲಿಲ್ಲ. ಹಿಸ್ಕೆ ಅದನ್ನೇ ನೋಡುತ್ತಾ ನೋವು ತಿಂದಳು. ಕ್ರೇಟುಗಳ ಮೇಲಿದ್ದ ಮಂಚ ಕಿರ್ ಅಂದಾಗಲೆಲ್ಲ, "ಬೌಕೆ ಕುಡಿದ ಬಿಯರ್ ಮೇಲೆ ಹೆರ್ತಿದೀನಿ, ಬಿದ್ರೆ ಅವನನ್ನ ಬಿಡಲ್ಲ" ಅನ್ನುತ್ತಿದ್ದಳು. ನಾನು ಅವಳ ಬೆನ್ನು ತಿಕ್ಕಿದೆ. ಓಡಿಹೋಗಲಿಲ್ಲ ಅಜ್ಜಿ. ಓಡಬೇಕು ಅಂತ ಅನಿಸಲೂ ಇಲ್ಲ. ಜೀವಮಾನದಲ್ಲಿ ಮೊದಲ ಸಲ ಒಂದು ಕಡೆ ನಿಂತಿದ್ದೆ, ಕಾಲು ಅಲ್ಲಾಡಿಸದೆ.

ಮಧ್ಯಾಹ್ನ ದಾಟಿದಮೇಲೆ ಸೀಟ್ಸ್ಕೆ ಹುಟ್ಟಿದಳು. ಉಸಿರು ತೆಗೆದುಕೊಂಡಳು. ಒಂದು ಸಲ ದನಿ ಮಾಡಿದಳು. ಹಿಸ್ಕೆಯ ಎದೆಯ ಮೇಲೆ, ಅವಳ ಕೊರಳಿಗೆ ಮುಖ ಇಟ್ಟುಕೊಂಡು ಹೋದಳು. ಯಾರೂ ಅವಳನ್ನು ಎತ್ತಿಕೊಂಡು ಓಡಲಿಲ್ಲ, ಮೂಗಿಗೆ ಕೊಳವೆ ಹಾಕಲಿಲ್ಲ. ಎಲ್ಲ ನಾವು ಬರೆದ ಹಾಗೇ ಆಯಿತು. ಕೂದಲು ನನ್ನ ಹಾಗೆ ಕೆಂಚು. ಕಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ, ನಿನ್ನ ಕಾಲಿನಲ್ಲಿರುವ ಹಾಗೆಯೇ. ಹಿಸ್ಕೆ ಅದನ್ನು ನಿನಗೆ ತಪ್ಪದೆ ಬರೆಯಬೇಕು ಅಂದಿದ್ದಾಳೆ.

ಮರುದಿನ ಬೆಳಗ್ಗೆ ಒಂದು ಎಡವಟ್ಟಾಯಿತು. ಬಾಗಿಲು ತೆಗೆದರೆ ಮನೆ ಮುಂದೆ ಆಳೆತ್ತರದ ಕೊಕ್ಕರೆ! ಮಗು ಹುಟ್ಟಿದ ಮನೆಯ ಮುಂದೆ ನಿಲ್ಲಿಸುತ್ತಾರಲ್ಲ, ಅದೇ. ಮರದ್ದು, ಬಿಳಿ ಬಣ್ಣ ಹಚ್ಚಿದ್ದು, ಕೊಕ್ಕಿನಲ್ಲಿ ಮಗುವನ್ನು ಕಟ್ಟಿ ತಂದಂಥ ಬಟ್ಟೆಯ ಗಂಟು. ಕಿಟಕಿಯಿಂದ ದೀಪದ ಕಂಬದವರೆಗೆ ಹಗ್ಗ ಕಟ್ಟಿ ಪುಟಾಣಿ ಅಂಗಿಗಳನ್ನು ನೇತುಹಾಕಿದ್ದರು. ಹಿಂದಿನ ದಿನ ಮಾರ್ಗ್ರೀತಳ ಕಾರು ನಿಂತದ್ದನ್ನು ಬೌಕೆ ನೋಡಿದ್ದಾನೆ. ಕಾರ್ಖಾನೆಯ ಹುಡುಗರೆಲ್ಲ ಸೇರಿ ಚಳಿಗಾಲದಿಂದಲೇ ಕದ್ದುಮುಚ್ಚಿ ಅದನ್ನು ಮಾಡಿಟ್ಟಿದ್ದರಂತೆ. ಹಡಗಿಗೆ ಹಚ್ಚುವ ಒಳ್ಳೆಯ ವಾರ್ನಿಶ್ ಹಚ್ಚಿದ್ದಾರೆ, ಯಾವ ಮಳೆಗೂ ಏನೂ ಆಗುವುದಿಲ್ಲ.

ಬೌಕೆ ಸುತ್ತಿಗೆ ಹಿಡಿದು ಅಲ್ಲೇ ನಿಂತಿದ್ದ. "ಏನಪ್ಪಾ ಅಪ್ಪಾ! ಮುಖ ನೋಡಿದ್ರೆ ನೀನೇ ಹೆತ್ತ ಹಾಗಿದೆ! ಬಾಯಿ ಬಿಡೋ, ಗಂಡೋ ಹೆಣ್ಣೋ?"

"ಹೆಣ್ಣು" ಅಂದೆ.

ನನ್ನನ್ನು ಎತ್ತಿ ತಿರುಗಿಸಿಬಿಟ್ಟ. "ಹೆಣ್ಣಂತೆ ಕಣ್ರೋ!" ಅಂತ ಬೀದಿಯವರಿಗೆಲ್ಲ ಕೇಳುವ ಹಾಗೆ ಕೂಗಿದ. ಎದುರು ಮನೆಯವರು ಕಿಟಕಿಯಿಂದಲೇ ಚಪ್ಪಾಳೆ ತಟ್ಟಿದರು. ಅವನು ನನ್ನನ್ನು ಇಳಿಸಿದ. ಆಮೇಲೆ ಕಿವಿಯಲ್ಲಿ ಹೇಳಿದೆ. ಅವನ ಕೈ ನನ್ನ ಹೆಗಲ ಮೇಲೆ ಹಾಗೇ ನಿಂತಿತು. ತಿರುಗಿ ಹೋಗಿ ಕೊಕ್ಕರೆಯ ಗೂಟ ಕೀಳತೊಡಗಿದ, ಅಳುತ್ತಾ, ಯಾರನ್ನೋ ಕೆಟ್ಟದಾಗಿ ಬೈಯುತ್ತಾ.

ಮೇಲಿನ ಕಿಟಕಿ ತೆರೆಯಿತು. "ಬೌಕೆ, ಬಿಡೋ ಅದನ್ನ!" ಹಿಸ್ಕೆ.

"ಹಿಸ್ಕೆ, ನನಗೆ ಗೊತ್ತಿರ್ಲಿಲ್ಲ ಕಣಮ್ಮಾ, ದೇವರಾಣೆ..."

"ಗೊತ್ತಿಲ್ದೇ ಇದ್ದಿದ್ದಕ್ಕೇ ತಾನೆ ಅವಳಿಗೆ ಕೊಕ್ಕರೆ ಸಿಕ್ಕಿದ್ದು? ಹುಟ್ಟಿದಾಳೆ ತಾನೆ? ಇರ್ಲಿ ಬಿಡು. ಮೇಲೆ ಬಾ, ಅವಳನ್ನ ನೋಡು. ಬೂಟ್ಸು ಬಿಚ್ಚಿಟ್ಟು ಬಾ."

ಬಂದ. ಟೋಪಿ ಕೈಯಲ್ಲಿ ಹಿಡಿದು ತೊಟ್ಟಿಲ ಹತ್ತಿರ ನಿಂತ. ಹಿಸ್ಕೆ ನನಗೆ ರಸ್ಕ್ ತರಲು ಹೇಳಿದಳು. ನಾನು ಕೇಳಿಸದವನ ಹಾಗೆ ನಿಂತೆ. "ಮಗು ಹುಟ್ಟಿದ ಮನೆಗೆ ಬಂದೋರು ಬರೀ ಬಾಯಲ್ಲಿ ಹೋಗ್ತಾರಾ?" ಅಂದಳು. ಬೆಣ್ಣೆ ಸವರಿ, ಮೇಲೆ ಗುಲಾಬಿ ಬಿಳಿ ಬಣ್ಣದ ಸಕ್ಕರೆ ಸೋಂಪು ಉದುರಿಸಿ ತಂದೆ. ಮೂವರೂ ತಿಂದೆವು. ರಸ್ಕ್ ಕಡಿಯುವಾಗ ಎಷ್ಟು ಸದ್ದಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಬೌಕೆ ಮಗು ಎಚ್ಚರವಾದೀತು ಅನ್ನುವ ಹಾಗೆ ಮೆಲ್ಲಗೆ, ಬಾಯಲ್ಲಿ ನೆನೆಸಿ ನೆನೆಸಿ ತಿಂದ. ಗಡ್ಡಕ್ಕೆ ಅಂಟಿದ ಸೋಂಪನ್ನೂ ಆರಿಸಿ ತಿಂದ.

ಮಣ್ಣು ಮಾಡಿದ್ದು ತಾತನ ಪಕ್ಕದಲ್ಲಿ. ಚರ್ಚಿನ ಗಂಟೆ ಬಾರಿಸಿದರು. ಅಕ್ಕಪಕ್ಕದವರೇ ಹೊತ್ತರು, ಹೊರುವುದಕ್ಕೆ ಒಬ್ಬರು ಸಾಕಿತ್ತು, ಆದರೂ ಪದ್ಧತಿ ಬಿಡದೆ ನಾಲ್ಕು ಜನ ಬಂದರು, ಕೈ ಬದಲಿಸಿಕೊಳ್ಳುತ್ತಾ ನಡೆದರು.

ಹಿಸ್ಕೆಗೆ ಹಾಲು ಬಂತು. ಅದು ಯಾರು ಹೇಳಿದರೆ ಕೇಳುತ್ತದೆ? ಒಂದು ವಾರ ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು. ಈಗ ಪರವಾಗಿಲ್ಲ. ಬಿಸಿಲಿಗೆ ಬಂದು ಕೂರುತ್ತಾಳೆ. ನಾನು ಕಾರ್ಖಾನೆಗೆ ಹೋಗುತ್ತಿದ್ದೇನೆ. ಹುಡುಗರು ಬೇಕಂತಲೇ ನನಗೆ ಗದ್ದಲದ ಕೆಲಸ ಕೊಡುತ್ತಾರೆ.

ಬೇಸಿಗೆಗೆ ಇಬ್ಬರೂ ದ್ವೀಪಕ್ಕೆ ಬರುತ್ತೇವೆ. ಹಿಸ್ಕೆ ನಿನ್ನ ಕಾಲು ನೋಡಬೇಕಂತೆ. ನಿನ್ನ ಹರಸುವ ಕೈ ಇಬ್ಬರ ತಲೆಯ ಮೇಲೂ ಇರಲಿ. ಅಲ್ಲಿ ಒಂದು ಮೇಣದ ಬತ್ತಿ ಹಚ್ಚುವುದಾದರೆ ನಿನ್ನ ಹೆಸರಿನವಳಿಗೆ ಹಚ್ಚು.

ನಿನ್ನ ಮೊಮ್ಮಗ
ಡೌವೆ

ಕೊನೆಗೊಂದು ಮಾತು: ಕವರಿಗೆ ಹಾಕಿದ್ದವನು ಮತ್ತೆ ತೆಗೆದಿದ್ದೇನೆ ಅಜ್ಜಿ. ಎಲ್ಲ ಬರೆದ ಹಾಗೇ ಆಯಿತು ಅಂದೆನಲ್ಲ, ಅದು ನಿಜ. ತಲೆ ಕಂಡಿತು, ನಾನು ಕೆಳಗೆ ಹೋದೆ. ಮೊದಲ ಹೆರಿಗೆ, ಇನ್ನೂ ಹೊತ್ತಿದೆ ಅಂತ ಮಾರ್ಗ್ರೀತ್ ಎಣಿಸಿದ್ದಳು. ಮಗು ಅಷ್ಟು ಚಿಕ್ಕದು, ಜಾರಿ ಬಂದುಬಿಟ್ಟಿತು. ಮೊದಲ ಬಾಟಲಿ ತುಂಬಿ ಎರಡನೆಯದನ್ನು ತಲೆಕೆಳಗೆ ಮಾಡಿದೆ, ಮುಚ್ಚಳದಿಂದ ತೊಟ್ಟಿಕ್ಕಿತು. ಮೇಲಿಂದ ಮಾರ್ಗ್ರೀತ್, "ಡೌವೆ!" ಅಂತ ಕೂಗಿದಳು. ನಾನು, "ಬಂದೆ, ಬಂದೆ, ಒಂದು ಸೋರ್ತಿದೆ!" ಅಂದೆ. ಮುಚ್ಚಳದ ರಬ್ಬರಿನ ಬಳೆ ಸರಿಮಾಡಿ, ಮತ್ತೆ ತುಂಬಿ, ಮತ್ತೆ ತಲೆಕೆಳಗೆ ಮಾಡಿ ನೋಡಿ, ನಿನ್ನ ಕಾಲುಚೀಲ ತೊಡಿಸಿ ಮೆಟ್ಟಿಲು ಹತ್ತಿದೆ. ಒಂದು ತೊಟ್ಟೂ ಸೋರುತ್ತಿರಲಿಲ್ಲ. ಅಷ್ಟರಲ್ಲಿ ಕೋಣೆ ಸುಮ್ಮನಾಗಿತ್ತು. ಹಿಸ್ಕೆ, "ಇಲ್ಲಿಡು" ಅಂತ ಪಕ್ಕಕ್ಕೆ ಜಾಗ ಮಾಡಿದಳು, ಇಟ್ಟೆ.

ಸೀಟ್ಸ್ಕೆ ಮಾಡಿದ ಆ ಒಂದು ದನಿ ಹೇಗಿತ್ತು ಅಂತ ನನಗೆ ಗೊತ್ತಿಲ್ಲ. ಬೆಕ್ಕಿನ ಮರಿಯ ಹಾಗೆ ಅನ್ನುತ್ತಾಳೆ ಮಾರ್ಗ್ರೀತ್. ಅಲ್ಲ, ಒದ್ದೆ ಬೆರಳಲ್ಲಿ ಗಾಜು ಉಜ್ಜಿದ ಹಾಗೆ ಅನ್ನುತ್ತಾಳೆ ಹಿಸ್ಕೆ. ನಿನ್ನೆ ಅವಳು ಪಾತ್ರೆ ತೊಳೆಯುತ್ತಿದ್ದಾಗ, ಮಾಡಿ ತೋರಿಸು ಅಂತ ಕೇಳಿದೆ. ಕೈ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ಮಾಡಿದಳು.

"ಹೀಗಾ?" ಅಂದೆ.

"ಅಲ್ಲ" ಅಂದಳು. "ಇದಕ್ಕಿಂತ ಸಣ್ಣದು." ಮತ್ತೆ ಮಾಡಲು ಬಾಯಿ ತೆರೆದಳು, ಆಗಲಿಲ್ಲ.